ಬಿಮ್‌ಗಾಗಿ ಕೆಲಸದ ಕ್ರಮ ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಟ್ಟಡ ಕಟ್ಟುವ ಕಂಪನಿಗೆ ಬಿಮ್ (ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್, ಅಂದರೆ ಕಟ್ಟಡದ ವಿವರ ಹೊತ್ತ ಕಂಪ್ಯೂಟರ್ ಮಾಡೆಲ್ ಇಟ್ಟುಕೊಂಡು ಕೆಲಸ ಮಾಡುವ ಪದ್ಧತಿ) ತರಲು ಹೊರಟವರು ಮಾತಿನಲ್ಲಿ, ಪತ್ರದಲ್ಲಿ, ಕಾಮೆಂಟ್‌ಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಆದಷ್ಟು ಕೇಳಿದವರ ಮಾತಲ್ಲೇ ಬಿಟ್ಟಿದ್ದೇನೆ. ಮೊದಲಿನವು ಹೊಸಬರಿಗೆ, ಕೊನೆಯವು ಒಂದೆರಡು ಪ್ರಾಜೆಕ್ಟ್ ಮುಗಿಸಿದವರಿಗೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಶುರುವಿನ ಪ್ರಶ್ನೆಗಳು

ಬಿಮ್ ಅಂದ್ರೆ 3ಡಿ ಡ್ರಾಯಿಂಗ್ ತಾನೇ? ಅದಕ್ಕೆ ಇಡೀ ಕಂಪನಿಯ ಕೆಲಸದ ಕ್ರಮ ಯಾಕೆ ಬದಲಿಸಬೇಕು?

3ಡಿ ಅದರ ಒಂದು ಭಾಗ ಅಷ್ಟೆ. ಸಾಮಾನ್ಯ ಡ್ರಾಯಿಂಗ್‌ನಲ್ಲಿ ಗೋಡೆ ಅಂದರೆ ಎರಡು ಗೆರೆ. ಬಿಮ್ ಮಾಡೆಲ್‌ನಲ್ಲಿ ಗೋಡೆಯ ಜೊತೆಗೆ ಅದರ ವಿವರವೂ ಇರುತ್ತದೆ: ದಪ್ಪ ಎಷ್ಟು, ಯಾವ ವಸ್ತು, ಬೆಂಕಿಯನ್ನು ಎಷ್ಟು ಹೊತ್ತು ತಡೆಯುತ್ತದೆ, ಯಾವ ಮಹಡಿಯದ್ದು. ಪ್ಲಾನ್, ಸೆಕ್ಷನ್, ಬಾಗಿಲುಗಳ ಪಟ್ಟಿ ಎಲ್ಲವೂ ಅದೇ ಮಾಡೆಲ್‌ನಿಂದ ಹೊರಬರುತ್ತವೆ. ಒಂದು ಬಾಗಿಲನ್ನು ಸರಿಸಿದರೆ ಎಲ್ಲ ಕಡೆಯೂ ಸರಿಯುತ್ತದೆ. ಯೋಚನೆ ಹೊಸದೇನಲ್ಲ. ಅಮೆರಿಕದ ಪ್ರಾಧ್ಯಾಪಕ ಚಕ್ ಈಸ್ಟ್‌ಮನ್ 1970ರ ದಶಕದಲ್ಲೇ ಇಂಥ ವ್ಯವಸ್ಥೆಯನ್ನು ವಿವರಿಸಿದ್ದರು.

ಇದಕ್ಕೂ ಕೆಲಸದ ಕ್ರಮಕ್ಕೂ ಏನು ಸಂಬಂಧ? ಮೊದಲು ಎರಡು ಗೆರೆ ಎಳೆದು, ಉಳಿದದ್ದು ಆಮೇಲೆ ನೋಡೋಣ ಅನ್ನಬಹುದಿತ್ತು. ಮಾಡೆಲ್‌ನಲ್ಲಿ ಗೋಡೆ ಇಡುವಾಗಲೇ ಅದು ಎಂಥ ಗೋಡೆ ಅಂತ ಯಾರಾದರೂ ಹೇಳಬೇಕು. ಯಾರು ಹೇಳಬೇಕು, ಯಾವಾಗ ಹೇಳಬೇಕು, ಅದನ್ನು ಯಾರು ಒಪ್ಪಬೇಕು? ಈ ಮೂರು ಪ್ರಶ್ನೆಗಳಿಗೆ ಹೆಚ್ಚಿನ ಕಂಪನಿಗಳ ಉತ್ತರ ಇನ್ನೂ ಡ್ರಾಯಿಂಗ್ ಕಾಲದ್ದೇ.

ಸಾಫ್ಟ್‌ವೇರ್ ತಗೊಂಡ್ವಿ, ತರಬೇತಿನೂ ಕೊಡಿಸಿದ್ವಿ. ಆದ್ರೂ ಏನೂ ಬದಲಾಗಿಲ್ಲ. ಯಾಕೆ?

ನಿಮ್ಮಲ್ಲಿ ಮಾಡೆಲ್ ಮೊದಲು ಹುಟ್ಟುತ್ತದೋ, ಡ್ರಾಯಿಂಗ್ ಮೊದಲು ಹುಟ್ಟುತ್ತದೋ ನೋಡಿ. ತುಂಬ ಕಡೆ ಹೀಗಾಗುತ್ತದೆ: ಡಿಸೈನ್ ತಂಡ ಹಳೆಯ ರೀತಿಯಲ್ಲೇ 2ಡಿ ಡ್ರಾಯಿಂಗ್ ಮುಗಿಸುತ್ತದೆ. ಇನ್ನೊಂದು ಕೋಣೆಯಲ್ಲಿ ಕೂತ "ಬಿಮ್ ತಂಡ" ಆ ಡ್ರಾಯಿಂಗ್ ನೋಡಿ ಮಾಡೆಲ್ ಕಟ್ಟುತ್ತದೆ. ಮಾಡೆಲ್ ಮುಗಿಯುವಷ್ಟರಲ್ಲಿ ಡ್ರಾಯಿಂಗ್‌ನ ಮುಂದಿನ ರಿವಿಷನ್ ಬಂದಿರುತ್ತದೆ. ಕೆಲಸ ಎರಡು ಪಟ್ಟಾಯಿತು, ನಿರ್ಧಾರಗಳು ಮಾತ್ರ ಇದ್ದಲ್ಲೇ ಇದ್ದವು.

ಹಳೆಯ ಕ್ರಮಕ್ಕೆ ಕಂಪ್ಯೂಟರ್ ಜೋಡಿಸಿದರೆ ಹಳೆಯ ಕ್ರಮವೇ ಸ್ವಲ್ಪ ಬೇಗ ಓಡುತ್ತದೆ ಅಷ್ಟೆ ಅಂತ ಮ್ಯಾನೇಜ್‌ಮೆಂಟ್ ಚಿಂತಕ ಮೈಕಲ್ ಹ್ಯಾಮರ್ 1990ರಲ್ಲೇ ವಾದಿಸಿದ್ದರು. ಅವರು ಕೊಟ್ಟ ಉದಾಹರಣೆ ಫೋರ್ಡ್ ಕಂಪನಿಯ ಬಿಲ್ ಪಾವತಿ ವಿಭಾಗದ್ದು. ಅಲ್ಲಿ ಆರ್ಡರ್, ಸರಕು ಬಂದ ರಸೀದಿ, ಬಿಲ್ ಈ ಮೂರನ್ನೂ ತಾಳೆ ನೋಡಲು ನೂರಾರು ಜನ ಇದ್ದರು. ತಾಳೆ ನೋಡುವುದನ್ನು ವೇಗ ಮಾಡುವ ಬದಲು ಬಿಲ್ಲನ್ನೇ ಕೈಬಿಟ್ಟರು. ಸರಕು ಆರ್ಡರ್‌ಗೆ ಹೊಂದಿದರೆ ಹಣ ಹೋಗುತ್ತದೆ, ಮುಗಿಯಿತು. ನಿಮ್ಮಲ್ಲೂ ಇದೇ ಪ್ರಶ್ನೆ ಕೇಳಬೇಕು. ಮಾಡೆಲ್ ಬಂದ ಮೇಲೆ ಯಾವ ಕೆಲಸ ಬೇಡವೇ ಬೇಡ? ಉತ್ತರ "ಯಾವುದೂ ಇಲ್ಲ" ಅಂತಾದರೆ ನೀವು ಬಿಮ್ ತಂದಿಲ್ಲ, ಖರ್ಚು ತಂದಿದ್ದೀರಿ.

ಯಾವ ಸಾಫ್ಟ್‌ವೇರ್ ಒಳ್ಳೇದು?

ನಿಮ್ಮ ಜೊತೆ ಕೆಲಸ ಮಾಡುವ ಆರ್ಕಿಟೆಕ್ಟ್ ಮತ್ತು ಎಂಜಿನಿಯರ್‌ಗಳು ಬಳಸುವುದರ ಜೊತೆ ಹೊಂದುವಂಥದ್ದು. ಐಎಫ್‌ಸಿ ಫೈಲನ್ನು (ಬೇರೆ ಬೇರೆ ಸಾಫ್ಟ್‌ವೇರ್‌ಗಳು ಓದಬಲ್ಲ ಮುಕ್ತ ಸ್ವರೂಪ) ಸರಿಯಾಗಿ ಬರೆಯುತ್ತದೆಯೇ, ಓದುತ್ತದೆಯೇ ಅಂತ ನಿಮ್ಮದೇ ಮಾಡೆಲ್ ಹಾಕಿ ನೋಡಿ. ಈ ಪ್ರಶ್ನೆಗೆ ಜನ ಕೊಡುವಷ್ಟು ಮಹತ್ವ ಬೇಡ.

ನಮ್ಮದು ಚಿಕ್ಕ ಕಂಪನಿ, ಹತ್ತು ಹದಿನೈದು ಜನ. ಇದೆಲ್ಲ ನಮಗೆ ಬೇಕಾ?

ಎಲ್ಲವೂ ಬೇಡ. ಆದರೆ ಚಿಕ್ಕ ಕಂಪನಿಗೆ ಒಂದು ಅನುಕೂಲ ಇದೆ. ನಿರ್ಧಾರ ತೆಗೆದುಕೊಳ್ಳುವವರು, ಮಾಡೆಲ್ ಮಾಡುವವರು, ಸೈಟ್ ನೋಡುವವರು ಒಂದೇ ಮೇಜಿನ ಸುತ್ತ ಕೂರಬಹುದು. ದೊಡ್ಡ ಕಂಪನಿಯಲ್ಲಿ ಅದಕ್ಕೇ ತಿಂಗಳುಗಳು ಹೋಗುತ್ತವೆ.

ನೀವು ಸಬ್‌ಕಂಟ್ರಾಕ್ಟರ್ ಆಗಿದ್ದರೆ ಇನ್ನೊಂದು ವಿಷಯ. ಮುಖ್ಯ ಕಂಟ್ರಾಕ್ಟರ್ ಮಾಡೆಲ್ ಕೇಳಿದ ದಿನ ಆಯ್ಕೆ ನಿಮ್ಮ ಕೈಯಲ್ಲಿ ಇರುವುದಿಲ್ಲ. ಅದಕ್ಕೂ ಮೊದಲು ಉಚಿತ ವ್ಯೂವರ್ ಒಂದನ್ನು ಹಾಕಿಕೊಂಡು, ಬೇರೆಯವರ ಮಾಡೆಲ್ ತೆರೆದು, ನಿಮ್ಮ ಕೆಲಸದ ಭಾಗ ಅಳೆಯಲು ಕಲಿತಿದ್ದರೆ ಶುರುವಿಗೆ ಸಾಕು. ಮಾಡೆಲ್ ಮಾಡುವುದನ್ನು ಆಮೇಲೆ ಕಲಿಯಬಹುದು.

## ಕ್ರಮ ಬದಲಿಸುವ ಕೆಲಸ

ಸರಿ, ಎಲ್ಲಿಂದ ಶುರು ಮಾಡೋದು?

ಈಚೆಗೆ ಮುಗಿದ ಒಂದು ಪ್ರಾಜೆಕ್ಟ್ ಆರಿಸಿಕೊಳ್ಳಿ. ಅದರಲ್ಲಿ ಒಂದೇ ಒಂದು ವಸ್ತುವನ್ನು ಹಿಡಿದು ಬೆನ್ನು ಹತ್ತಿ. ಬಾಗಿಲು ಒಳ್ಳೆಯ ಆಯ್ಕೆ, ಯಾಕೆಂದರೆ ಅದು ಎಲ್ಲರ ಕೈಯಲ್ಲೂ ಹಾದುಹೋಗುತ್ತದೆ. ಬಾಗಿಲಿನ ಅಳತೆ ಮೊದಲು ಎಲ್ಲಿ ಬರೆಯಲ್ಪಟ್ಟಿತು? ಅಲ್ಲಿಂದ ಎಸ್ಟಿಮೇಟ್‌ಗೆ ಹೇಗೆ ಹೋಯಿತು? ಆರ್ಡರ್ ಮಾಡಿದವರು ಯಾವ ಪಟ್ಟಿ ನೋಡಿದರು? ಬೀಗದ ವಿವರ ಯಾರು, ಯಾವಾಗ ಕೊಟ್ಟರು? ಗೋಡೆಯಲ್ಲಿ ಜಾಗ ಬಿಟ್ಟವರಿಗೆ ಆ ವಿವರ ಸಮಯಕ್ಕೆ ಸಿಕ್ಕಿತ್ತಾ?

ಒಂದೊಂದು ಪಾತ್ರಕ್ಕೆ ಒಂದೊಂದು ಸಾಲು ಹಾಕಿ, ಈ ದಾರಿಯನ್ನು ಗೋಡೆಯ ಮೇಲೆ ದೊಡ್ಡ ಹಾಳೆಯಲ್ಲಿ ಬರೆಯಿರಿ. ಕಂಪನಿಯ ಕೈಪಿಡಿಯಲ್ಲಿ ಬರೆದಿರುವ ಕ್ರಮ ಬೇಡ, ನಿಜವಾಗಿ ನಡೆದದ್ದು ಬೇಕು. ಫೋನಿನಲ್ಲಿ ಹೇಳಿದ್ದು, ಮೆಸೇಜ್ ಹಾಕಿದ್ದು, ಸೈಟ್‌ನಲ್ಲಿ ಸೀಮೆಸುಣ್ಣದಿಂದ ಗೋಡೆ ಮೇಲೆ ಬರೆದದ್ದು ಎಲ್ಲ ಬರಲಿ. ಕೆಲಸ ಮಾಡಿದವರನ್ನೇ ಕೂರಿಸಿ ಬರೆಸಿ. ಮ್ಯಾನೇಜರ್ ಒಬ್ಬರೇ ಬರೆದರೆ ಚಿತ್ರ ಅಚ್ಚುಕಟ್ಟಾಗಿ ಬರುತ್ತದೆ, ನಿಜ ಬರುವುದಿಲ್ಲ.

ಮುಗಿದ ಮೇಲೆ ಎರಡು ಬಣ್ಣದ ಪೆನ್ ತಗೊಳ್ಳಿ. ಒಂದೇ ಮಾಹಿತಿಯನ್ನು ಮತ್ತೆ ಟೈಪ್ ಮಾಡಿದ ಕಡೆಗಳಿಗೆ ಒಂದು ಬಣ್ಣ. ಯಾರದೋ ಉತ್ತರಕ್ಕಾಗಿ ಸುಮ್ನೆ ಕಾದ ಕಡೆಗಳಿಗೆ ಇನ್ನೊಂದು. ಬಣ್ಣ ಗುಂಪಾಗಿ ಸೇರಿದ ಜಾಗವೇ ನಿಮ್ಮ ಮೊದಲ ಕೆಲಸ.

ಇಂಥ ನಕ್ಷೆ ಬರೆಯೋಕೆ ಬಿಪಿಎಂಎನ್ ಕಲೀಬೇಕಾ?

ಬಿಪಿಎಂಎನ್ ಅಂದರೆ ಕೆಲಸದ ಹರಿವನ್ನು ಗೊತ್ತಾದ ಚಿಹ್ನೆಗಳಲ್ಲಿ ಬರೆಯುವ ಪದ್ಧತಿ. ಶುರುವಿಗೆ ಅದು ಬೇಡ. ಚೌಕ, ಬಾಣ ಸಾಕು. ಹಲವು ಕಂಪನಿಗಳ ನಡುವೆ ಮಾಹಿತಿ ಹೇಗೆ ಸಾಗಬೇಕು ಅಂತ ಗಟ್ಟಿಯಾಗಿ ಬರೆದಿಡುವ ಹಂತ ಬಂದಾಗ ಬಿಪಿಎಂಎನ್ ಉಪಯೋಗಕ್ಕೆ ಬರುತ್ತದೆ. ಐಎಸ್ಒ 29481 ಅನ್ನುವ ಮಾನದಂಡ ಇದಕ್ಕೆಂದೇ ಇದೆ: ಯಾವ ಹಂತದಲ್ಲಿ ಯಾರು ಯಾರಿಗೆ ಯಾವ ಮಾಹಿತಿ ಕೊಡಬೇಕು ಅನ್ನುವುದನ್ನು ಬರೆಯುವ ಬಗೆಯನ್ನು ಅದು ಹೇಳುತ್ತದೆ.

ಎಲ್ಲಾ ಒಟ್ಟಿಗೆ ಬದಲಿಸಬೇಕಾ, ಒಂದೊಂದಾಗಿ ಮಾಡಬಹುದಾ?

ಒಂದೊಂದಾಗಿ ಮಾಡಿ. ಆದರೆ ಆ ಒಂದನ್ನು ಈ ತುದಿಯಿಂದ ಆ ತುದಿಯವರೆಗೆ ಮಾಡಿ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಸಿದ್ಧಪಡಿಸಿದ ಬಿಮ್ ಯೋಜನೆಯ ಮಾರ್ಗದರ್ಶಿಯಲ್ಲಿ ಮಾಡೆಲ್‌ನ 25 ಉಪಯೋಗಗಳ ಪಟ್ಟಿ ಇದೆ. ಅದನ್ನು ನೋಡಿ ಎಲ್ಲವನ್ನೂ ಟಿಕ್ ಮಾಡುವ ಉತ್ಸಾಹ ಬರುತ್ತದೆ. ತಡೆದುಕೊಳ್ಳಿ. ಆ ಮಾರ್ಗದರ್ಶಿಯೇ ಹೇಳುವಂತೆ, ಕೊನೆಯಲ್ಲಿ ಏನು ಬೇಕು ಅನ್ನುವುದರಿಂದ ಹಿಂದಕ್ಕೆ ಯೋಚಿಸುತ್ತಾ ಬರಬೇಕು.

ಹೆಚ್ಚಿನ ಕಂಟ್ರಾಕ್ಟರ್‌ಗಳಿಗೆ ನಾನು ಹೇಳುವ ಮೊದಲ ಉಪಯೋಗ ಡಿಸೈನ್‌ಗಳ ತಾಳಮೇಳ. ಆರ್ಕಿಟೆಕ್ಚರ್, ಸ್ಟ್ರಕ್ಚರ್, ಎಂಇಪಿ (ಎಸಿ, ವಿದ್ಯುತ್, ಕೊಳಾಯಿ ಕೆಲಸ) ಮೂರನ್ನೂ ಕಟ್ಟುವ ಮೊದಲೇ ಒಂದಕ್ಕೊಂದು ಹೊಂದಿಸುವುದು. ಫಲ ಬೇಗ ಕಾಣುತ್ತದೆ, ಸೈಟ್‌ನವರಿಗೂ ಕಾಣುತ್ತದೆ. ಎರಡನೆಯದು ಕ್ವಾಂಟಿಟಿ, ಅಂದರೆ ಯಾವುದು ಎಷ್ಟು ಬೇಕು ಅನ್ನುವ ಲೆಕ್ಕ. ಉಳಿದವು ಆಮೇಲೆ.

ಹೊಸ ಕ್ರಮದಲ್ಲಿ ನಿಜವಾಗ್ಲೂ ಏನು ಬದಲಾಗುತ್ತೆ? ಒಂದು ಉದಾಹರಣೆ ಕೊಟ್ಟು ಹೇಳಿ.

ಪೈಪು, ಡಕ್ಟ್ ಹೋಗಲು ಬೀಮ್ ಮತ್ತು ಸ್ಲ್ಯಾಬ್‌ಗಳಲ್ಲಿ ಬಿಡುವ ತೂತುಗಳನ್ನೇ ತಗೊಳ್ಳಿ.

ಹಳೆಯ ಕ್ರಮ ಹೀಗಿರುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್ ಬೀಮ್‌ಗಳ ಡ್ರಾಯಿಂಗ್ ಕೊಡುತ್ತಾರೆ. ಆ ಹೊತ್ತಿಗೆ ಎಂಇಪಿ ಕಂಟ್ರಾಕ್ಟರ್ ನೇಮಕವೇ ಆಗಿರುವುದಿಲ್ಲ. ಕಾಂಕ್ರೀಟ್ ಹಾಕಿ ಆಗುತ್ತದೆ. ಆಮೇಲೆ ಬಂದ ಎಂಇಪಿಯವರು ಡಕ್ಟ್‌ನ ದಾರಿ ನೋಡಿದರೆ ಬೀಮ್ ಅಡ್ಡ. ಒಂದು ಆರ್‌ಎಫ್‌ಐ, ಅಂದರೆ ವಿವರಣೆ ಕೇಳುವ ಪತ್ರ, ಹೋಗುತ್ತದೆ. ಎಂಜಿನಿಯರ್ ಬಂದು, ಕಂಬಿ ಎಲ್ಲಿದೆ ಅಂತ ಸ್ಕ್ಯಾನ್ ಮಾಡಿಸಿ, ಕೋರ್ ಕಟಿಂಗ್‌ಗೆ ಒಪ್ಪುತ್ತಾರೆ. ಇಲ್ಲವೇ ಡಕ್ಟ್ ಅನ್ನು ಬೀಮ್ ಕೆಳಗೆ ಇಳಿಸಿ, ಸೀಲಿಂಗ್ ಎತ್ತರ ಕಳೆದುಕೊಳ್ಳುತ್ತಾರೆ. ಖರ್ಚು ಯಾರದ್ದು ಅನ್ನುವ ಜಗಳ ಬೇರೆ.

ಇದಕ್ಕೆ ಬರೀ ಕ್ಲಾಶ್ ಪರೀಕ್ಷೆ ಸೇರಿಸಿದರೆ ಏನಾಗುತ್ತದೆ? ವಾರಕ್ಕೊಮ್ಮೆ ಉದ್ದದ ಪಟ್ಟಿ ಬರುತ್ತದೆ. "ಡಕ್ಟ್ ಬೀಮ್‌ಗೆ ಬಡಿಯುತ್ತಿದೆ" ಅಂತ ಸಾಫ್ಟ್‌ವೇರ್ ಹೇಳುತ್ತದೆ. ಸರಿಸಬೇಕಾದವರು ಯಾರು ಅಂತ ಅದು ಹೇಳುವುದಿಲ್ಲ.

ಕ್ರಮವನ್ನೇ ಬದಲಿಸಿದರೆ ಹೀಗೆ. ಎಂಇಪಿ ಡಿಸೈನರ್ ತಮಗೆ ತೂತು ಬೇಕಾದ ಕಡೆ ತಮ್ಮ ಮಾಡೆಲ್‌ನಲ್ಲಿ ಪೆಟ್ಟಿಗೆಯ ಆಕಾರವೊಂದನ್ನು ಇಡುತ್ತಾರೆ. ಅದು ಕೋರಿಕೆ ಮಾತ್ರ. ಐಎಫ್‌ಸಿಯಲ್ಲಿ ಇಂಥ ಕೋರಿಕೆಗೆ ಬೇರೆ ಗುರುತೇ ಇದೆ. ಸ್ಟ್ರಕ್ಚರಲ್ ಎಂಜಿನಿಯರ್ ಪ್ರತಿಯೊಂದನ್ನೂ ನೋಡಿ ಒಪ್ಪುತ್ತಾರೆ, ಸರಿಸಿ ಅನ್ನುತ್ತಾರೆ, ಅಥವಾ ಆಗುವುದಿಲ್ಲ ಅನ್ನುತ್ತಾರೆ. ಒಪ್ಪಿದ ತೂತನ್ನು ತಮ್ಮ ಮಾಡೆಲ್‌ನಲ್ಲಿ ತಾವೇ ಕೊರೆಯುತ್ತಾರೆ. ಬೇರೆ ಯಾರೂ ಅವರ ಮಾಡೆಲ್ ಮುಟ್ಟುವುದಿಲ್ಲ. ಪ್ರತಿ ಮಹಡಿಗೂ ಒಂದು ಕೊನೆಯ ದಿನ ಇರುತ್ತದೆ. ಕಂಬಿ ವಿವರ ಬರೆಯುವ ಕೆಲಸ ಶುರುವಾಗುವ ಮೊದಲೇ ಆ ದಿನ ಬರಬೇಕು. ಅದರ ನಂತರ ಬಂದ ಕೋರಿಕೆ ವೇರಿಯೇಷನ್ (ಕರಾರಿನ ಆಚೆಗಿನ ಬದಲಾವಣೆ) ಆಗುತ್ತದೆ, ಖರ್ಚು ಕೇಳಿದವರದ್ದು.

ಇಲ್ಲಿ ಬದಲಾದದ್ದನ್ನು ಗಮನಿಸಿ. ಎಂಇಪಿಯವರು ಬೇಗ ಬರಬೇಕಾಯಿತು, ಅಂದರೆ ಟೆಂಡರ್ ವೇಳಾಪಟ್ಟಿ ಬದಲಾಯಿತು. ಒಪ್ಪುವ ಅಧಿಕಾರ ಒಬ್ಬರಿಗೆ ಸೇರಿತು. ತಡವಾದರೆ ಯಾರ ಜೇಬಿಗೆ ಅನ್ನುವುದು ಮೊದಲೇ ಬರವಣಿಗೆಯಲ್ಲಿ ಬಂತು. ಈ ಮೂರೂ ಸಾಫ್ಟ್‌ವೇರ್ ಪೆಟ್ಟಿಗೆಯಲ್ಲಿ ಸಿಗುವುದಿಲ್ಲ.

ಡಿಸೈನ್ ಹಂತದಲ್ಲೇ ಜಾಸ್ತಿ ಸಮಯ ಹೋಗ್ತಿದೆ. ಏನೋ ತಪ್ಪು ಮಾಡ್ತಿದೀವಾ?

ಇಲ್ಲ, ಅದು ಹಾಗೇ ಆಗಬೇಕು. 2004ರ ಸುಮಾರಿಗೆ ಪ್ಯಾಟ್ರಿಕ್ ಮ್ಯಾಕ್ಲಿಮಿ ಅನ್ನುವ ಆರ್ಕಿಟೆಕ್ಟ್ ಒಂದು ವಕ್ರರೇಖೆ ಬರೆದು ತೋರಿಸಿದರು. ದಿನ ಕಳೆದಂತೆ ಬದಲಾವಣೆಯ ಖರ್ಚು ಏರುತ್ತದೆ, ಬದಲಿಸುವ ಸಾಮರ್ಥ್ಯ ಇಳಿಯುತ್ತದೆ. ಹಾಗಾಗಿ ಶ್ರಮವನ್ನು ಮುಂಚಿನ ಹಂತಕ್ಕೆ ತಳ್ಳಬೇಕು ಅನ್ನುವುದು ಅದರ ಸಾರ. ಅದು ಅಳತೆ ಮಾಡಿ ಬರೆದ ಗ್ರಾಫ್ ಅಲ್ಲ, ಯೋಚನೆಯನ್ನು ತೋರಿಸುವ ಚಿತ್ರ. ಆದರೂ ಸೈಟ್ ಕಂಡವರಿಗೆ ಅದು ಹೊಸದೆನಿಸುವುದಿಲ್ಲ.

ತೊಂದರೆ ಇರುವುದು ಹಣ ಕೊಡುವ ರೀತಿಯಲ್ಲಿ. ಡಿಸೈನರ್‌ಗೆ ಫೀಸಿನ ದೊಡ್ಡ ಪಾಲು ಕೊನೆಯ ಡ್ರಾಯಿಂಗ್ ಕೊಟ್ಟಾಗ ಬರುವಂತಿದ್ದರೆ, ಮುಂಚೆಯೇ ಶ್ರಮ ಹಾಕಿ ಅಂತ ಹೇಳುವುದು ಬರೀ ಮಾತು. ಶ್ರಮ ಮುಂಚಿನ ಹಂತಕ್ಕೆ ಬಂದರೆ ಫೀಸಿನ ಕಂತೂ ಮುಂಚೆಯೇ ಬರಬೇಕು. ಕಂಪನಿಯೊಳಗೂ ಹೀಗೇ: ಡಿಸೈನ್ ವಿಭಾಗದ ಗಂಟೆಗಳು ಏರಿದವು ಅಂತ ಬೈಯುವ ಮೊದಲು, ಸೈಟ್‌ನಲ್ಲಿ ಉಳಿದ ಗಂಟೆಗಳನ್ನು ಅದೇ ಹಾಳೆಯಲ್ಲಿ ಇಟ್ಟು ನೋಡಿ. ಎರಡು ವಿಭಾಗಕ್ಕೆ ಎರಡು ಬಜೆಟ್ ಇರುವ ಕಡೆ ಈ ಲೆಕ್ಕ ಯಾರಿಗೂ ಕಾಣುವುದೇ ಇಲ್ಲ.

## ಜನ

ಒಬ್ಬ ಬಿಮ್ ಮ್ಯಾನೇಜರ್‌ನ ಇಟ್ಕೊಂಡ್ರೆ ಸಾಕಲ್ವಾ?

ಅವರಿಗೆ ಏನು ಅಧಿಕಾರ ಕೊಡುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಫೈಲ್ ಹೆಸರು, ಮಾಡೆಲ್ ಮಾಡುವ ನಿಯಮ, ಯಾವಾಗ ಏನು ಹಂಚಬೇಕು, ಇವುಗಳನ್ನು ಅವರು ನೋಡಿಕೊಳ್ಳಬಹುದು. ಬೀಮ್ ಎಷ್ಟು ಆಳ ಇರಬೇಕು ಅಂತ ಅವರು ಹೇಳಲಾಗುವುದಿಲ್ಲ, ಹೇಳಲೂಬಾರದು. ಮಾಡೆಲ್ ಒಳಗಿರುವ ಡಿಸೈನ್‌ಗೆ ಡಿಸೈನರ್‌ಗಳೇ ಹೊಣೆ. ತಾಳಮೇಳದ ಸಭೆಗೆ ಡಿಸೈನರ್‌ಗಳ ಬದಲು ಮಾಡೆಲ್ ಮಾಡುವ ಹುಡುಗರನ್ನಷ್ಟೇ ಕಳಿಸುವ ಕಂಪನಿಗಳಿವೆ. ಆ ಸಭೆಗಳಲ್ಲಿ "ಕೇಳಿ ಹೇಳ್ತೀನಿ ಸರ್" ಅನ್ನುವುದು ಬಿಟ್ಟರೆ ಬೇರೇನೂ ನಡೆಯುವುದಿಲ್ಲ.

ಅನುಭವ ಇರೋ ಹಿರಿಯ ಎಂಜಿನಿಯರ್‌ಗಳು ಒಪ್ತಾನೇ ಇಲ್ಲ. ಏನು ಮಾಡೋದು?

ಅವರು ಯಾಕೆ ಒಪ್ಪುತ್ತಿಲ್ಲ ಅಂತ ಮೊದಲು ಕೇಳಿ. ಎಷ್ಟೋ ಸಲ ಅವರ ಆಕ್ಷೇಪ ಸರಿಯೇ ಇರುತ್ತದೆ. "ಮಾಡೆಲ್‌ನಲ್ಲಿ ಎಲ್ಲ ಹೊಂದುತ್ತೆ, ಆದ್ರೆ ಆ ವಾಲ್ವ್ ತಿರುಗಿಸೋಕೆ ಕೈ ಎಲ್ಲಿ ಹೋಗುತ್ತೆ?" ಅಂತ ಕೇಳುವವರು ಅವರೇ. ಎರಡು ವಸ್ತು ಒಂದಕ್ಕೊಂದು ಬಡಿಯದಿದ್ದರೆ ಸಾಫ್ಟ್‌ವೇರ್‌ಗೆ ಎಲ್ಲವೂ ಸರಿ. ರಿಪೇರಿಗೆ ಬೇಕಾದ ಜಾಗವನ್ನು ಯಾರಾದರೂ ಮಾಡೆಲ್‌ನಲ್ಲಿ ಇಟ್ಟರೆ ಮಾತ್ರ ಅದು ಕಾಣುತ್ತದೆ.

ಅವರಿಗೆ ಮಾಡೆಲ್ ಮಾಡಲು ಕಲಿಸುವ ಹಟ ಬೇಡ. ವ್ಯೂವರ್ ತೆರೆಯುವುದು, ಸೆಕ್ಷನ್ ಕತ್ತರಿಸಿ ನೋಡುವುದು, ತಪ್ಪು ಕಂಡ ಕಡೆ ಗುರುತು ಹಾಕಿ ಕಳಿಸುವುದು, ಇಷ್ಟು ಬಂದರೆ ಸಾಕು. ಪರಿಶೀಲನೆಯ ಕೊನೆಯ ಮಾತು ಅವರದೇ ಇರಲಿ. ಆ ಅಧಿಕಾರ ಕೈತಪ್ಪುತ್ತದೆ ಅನ್ನುವ ಭಯವೇ ಹೆಚ್ಚಿನ ವಿರೋಧದ ಬೇರು.

ಸೈಟ್‌ನವರು ಇನ್ನೂ ಪೇಪರೇ ಕೇಳ್ತಾರೆ. ನಿಲ್ಲಿಸಬೇಕಾ?

ಬೇಡ, ಕೊಡಿ. ಆದರೆ ಆ ಪೇಪರ್ ಮಾಡೆಲ್‌ನಿಂದಲೇ ಬಂದಿರಲಿ, ಯಾವ ರಿವಿಷನ್ ಅಂತ ಅದರ ಮೇಲೆ ಎದ್ದು ಕಾಣಲಿ. ಆ ಹಾಳೆಯಲ್ಲಿ ಕೈಯಿಂದ ಮಾಡಿದ ಬದಲಾವಣೆ ಮಾಡೆಲ್‌ಗೆ ವಾಪಸ್ ಬರುವ ದಾರಿಯನ್ನು ಮಾತ್ರ ಮೊದಲೇ ಗೊತ್ತು ಮಾಡಿ. ಯಾರು ಫೋಟೋ ಕಳಿಸಬೇಕು, ಯಾರು ಎಷ್ಟು ದಿನದೊಳಗೆ ತಿದ್ದಬೇಕು ಅಂತ. ಈ ದಾರಿ ಇಲ್ಲದಿದ್ದರೆ ಮೂರನೇ ಮಹಡಿ ಹೊತ್ತಿಗೆ ಮಾಡೆಲ್ ಒಂದು ಕಟ್ಟಡ, ಸೈಟ್ ಇನ್ನೊಂದು ಕಟ್ಟಡ.

## ಮಾಹಿತಿ, ಮಾನದಂಡ

ಐಎಸ್ಒ 19650 ಅಂತ ಎಲ್ಲರೂ ಹೇಳ್ತಾರೆ. ಸರಳವಾಗಿ ಅದೇನು?

ಬಿಮ್ ಬಳಸುವಾಗ ಮಾಹಿತಿಯನ್ನು ಹೇಗೆ ನಿರ್ವಹಿಸಬೇಕು ಅಂತ ಹೇಳುವ ಅಂತರರಾಷ್ಟ್ರೀಯ ಮಾನದಂಡ, ಬ್ರಿಟನ್ನಿನ ಹಳೆಯ ಮಾನದಂಡಗಳಿಂದ ಬೆಳೆದು ಬಂದದ್ದು. ಮೊದಲ ಎರಡು ಭಾಗಗಳು 2018ರಲ್ಲಿ ಬಂದವು. ಒಂದನೆಯದು ತತ್ವಗಳು, ಎರಡನೆಯದು ಡಿಸೈನ್ ಮತ್ತು ಕಟ್ಟುವ ಹಂತ. ಕಟ್ಟಡ ಬಳಕೆಯ ಹಂತಕ್ಕೆ ಮೂರನೇ ಭಾಗ, ಮಾಹಿತಿಯ ಭದ್ರತೆಗೆ ಐದನೇ ಭಾಗ 2020ರಲ್ಲಿ ಬಂದವು.

ಅದು ಸಾಫ್ಟ್‌ವೇರ್ ಬಗ್ಗೆ ಮಾತಾಡುವುದೇ ಇಲ್ಲ ಅನ್ನುವುದು ಹಲವರಿಗೆ ಅಚ್ಚರಿ. ಅದರ ಮಾತು ಇಷ್ಟು: ಕಟ್ಟಿಸುವವರು ತಮಗೆ ಯಾವ ಮಾಹಿತಿ, ಯಾವಾಗ, ಯಾತಕ್ಕೆ ಬೇಕು ಅಂತ ಮೊದಲೇ ಬರೆದು ಕೊಡಬೇಕು. ಕೆಲಸ ಹಿಡಿಯುವವರು ಅದನ್ನು ಹೇಗೆ ಪೂರೈಸುತ್ತೇವೆ ಅಂತ ಬಿಮ್ ಕಾರ್ಯಯೋಜನೆಯಲ್ಲಿ ಉತ್ತರ ಕೊಡಬೇಕು. ಆಮೇಲೆ ಪ್ರತಿ ತಂಡವೂ ತಾನು ಕೊಡುವ ಪ್ರತಿ ಫೈಲ್‌ಗೂ ತಾರೀಕು, ಹೊಣೆಗಾರರ ಹೆಸರು ಹಾಕಿ ಪಟ್ಟಿ ಮಾಡಬೇಕು. ಎಲ್ಲ ತಂಡಗಳ ಪಟ್ಟಿ ಸೇರಿ ಒಂದು ದೊಡ್ಡ ಪಟ್ಟಿ.

ಕಟ್ಟಿಸುವವರು ಏನೂ ಬರೆದು ಕೊಡದಿದ್ದರೆ? ಬಹಳ ಕಡೆ ಹೀಗೇ. ಆಗ ನೀವೇ ಒಂದು ಪುಟದ ಕರಡು ಮಾಡಿ ಅವರ ಮುಂದಿಟ್ಟು ಸಹಿ ಹಾಕಿಸಿಕೊಳ್ಳಿ. ನೂರು ಪುಟದ ನಕಲು ಕಾರ್ಯಯೋಜನೆಗಿಂತ ಅದು ಮೇಲು.

ಸಿಡಿಇ ಅಂದ್ರೆ ಒಂದು ಕ್ಲೌಡ್ ಫೋಲ್ಡರ್ ಅಷ್ಟೇ ಅಲ್ವಾ?

ಫೋಲ್ಡರ್‌ನಲ್ಲಿ ಫೈಲ್ ಇರುತ್ತದೆ. ಸಿಡಿಇಯಲ್ಲಿ (ಇಡೀ ಪ್ರಾಜೆಕ್ಟ್‌ನ ಮಾಹಿತಿಯನ್ನು ಎಲ್ಲರೂ ಹಂಚಿಕೊಳ್ಳುವ ಜಾಗ) ಫೈಲ್‌ನ ಸ್ಥಿತಿಯೂ ಇರುತ್ತದೆ. ಸ್ಥಿತಿಗಳು ನಾಲ್ಕು: ಕೆಲಸ ನಡೆಯುತ್ತಿರುವುದು, ಹಂಚಿದ್ದು, ಪ್ರಕಟಿಸಿದ್ದು, ದಾಖಲೆಗೆ ಸೇರಿದ್ದು. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಒಂದು ಗೇಟ್ ಇರುತ್ತದೆ. ಹಂಚುವ ಮೊದಲು ತಂಡದೊಳಗೆ ಪರಿಶೀಲನೆ, ಪ್ರಕಟಿಸುವ ಮೊದಲು ಅಧಿಕೃತ ಒಪ್ಪಿಗೆ.

ಇದರಿಂದ ಕೆಲಸದ ಕ್ರಮಕ್ಕೆ ಬೀಳುವ ಹೊಡೆತ ದೊಡ್ಡದು. "ಇನ್ನೂ ಮುಗಿದಿಲ್ಲ, ಮುಗಿದ ಮೇಲೆ ಕೊಡ್ತೀನಿ" ಅನ್ನುವ ಅಭ್ಯಾಸ ಹೋಗಬೇಕು. ಅರ್ಧ ಆದದ್ದನ್ನೇ ಹಂಚಬೇಕು, ಅದು ಇಂಥ ಕೆಲಸಕ್ಕೆ ಮಾತ್ರ ಸೂಕ್ತ ಅಂತ ಗುರುತು ಹಾಕಿ. ಹಂಚಿದ ಮಾಡೆಲ್ ತಾಳಮೇಳಕ್ಕೆ ಸರಿ, ಕಟ್ಟಲು ಸರಿಯಲ್ಲ. ಈ ವ್ಯತ್ಯಾಸ ಸೈಟ್ ತಲುಪದ ಪ್ರಾಜೆಕ್ಟ್‌ಗಳಲ್ಲಿ ಗೋಡೆ ಒಡೆಯುವುದು ತಪ್ಪುವುದಿಲ್ಲ.

ಟೆಂಡರ್‌ನಲ್ಲಿ ಎಲ್ಒಡಿ 400 ಅಂತ ಬರೆದಿದ್ದಾರೆ. ಇಡೀ ಕಟ್ಟಡಕ್ಕಾ?

ಬರೆದವರನ್ನೇ ಕೇಳಿ, ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ಎಲ್ಒಡಿ ಅನ್ನುವುದು ಮಾಡೆಲ್‌ನಲ್ಲಿ ಎಷ್ಟು ವಿವರ ಇರಬೇಕು ಅಂತ ಒಂದೊಂದು ಭಾಗಕ್ಕೆ ಹಾಕುವ ಅಳತೆ, ಇಡೀ ಮಾಡೆಲ್‌ಗೆ ಅಲ್ಲ. 100ರಿಂದ 500ರವರೆಗಿನ ಈ ಹಂತಗಳನ್ನು ಅಮೆರಿಕದ ಆರ್ಕಿಟೆಕ್ಟ್‌ಗಳ ಸಂಸ್ಥೆ 2008ರ ತನ್ನ ಕರಾರು ಪತ್ರದಲ್ಲಿ ಬಳಸಿತು. ಆಮೇಲೆ ಅಲ್ಲಿನ ಕಟ್ಟಡ ಕ್ಷೇತ್ರದ ವೇದಿಕೆ ಬಿಮ್‌ಫೋರಮ್‌ನವರು ನಡುವೆ 350 ಸೇರಿಸಿದರು, ಯಾಕೆಂದರೆ ತಾಳಮೇಳಕ್ಕೆ 300 ಸಾಲದು, 400 ಜಾಸ್ತಿ. 400 ಅಂದರೆ ಫ್ಯಾಕ್ಟರಿಯಲ್ಲಿ ತಯಾರಿಸುವಷ್ಟು ವಿವರ. ಉಕ್ಕಿನ ಜೋಡಣೆಗೆ ಅದು ಬೇಕು. ಬಣ್ಣ ಬಳಿದ ಗೋಡೆಗೆ ಯಾಕೆ?

ಸಂಖ್ಯೆಯ ಬದಲು "ಯಾತಕ್ಕೆ, ಯಾರಿಗೆ, ಯಾವಾಗ, ಯಾವ ಮಾಹಿತಿ" ಅಂತ ಬರೆಯುವ ಪದ್ಧತಿ ಈಗ ಬರುತ್ತಿದೆ. ಐಎಸ್ಒ 7817-1 ಅನ್ನುವ 2024ರ ಮಾನದಂಡ ಅದೇ. ನನ್ನ ಮಟ್ಟಿಗೆ ಅದೇ ಸರಿಯಾದ ದಾರಿ. ಬೇಡದ ವಿವರ ಮಾಡೆಲ್ ಮಾಡಿದವರ ಗಂಟೆಗಳನ್ನೂ ತಿನ್ನುತ್ತದೆ, ಕಂಪ್ಯೂಟರ್‌ನ ಜೀವವನ್ನೂ ತೆಗೆಯುತ್ತದೆ.

ಒಬ್ಬೊಬ್ರು ಒಂದೊಂದು ಸಾಫ್ಟ್‌ವೇರ್ ಬಳಸ್ತಾರೆ. ಒಟ್ಟಿಗೆ ಕೆಲಸ ಮಾಡೋದು ಹೇಗೆ?

ಐಎಫ್‌ಸಿ ಇರುವುದೇ ಇದಕ್ಕೆ. ಬಿಲ್ಡಿಂಗ್‌ಸ್ಮಾರ್ಟ್ ಸಂಸ್ಥೆ ನೋಡಿಕೊಳ್ಳುವ ಈ ಮುಕ್ತ ಸ್ವರೂಪ 2013ರಲ್ಲಿ ಐಎಸ್ಒ 16739 ಆಯಿತು. 2024ರ ಆವೃತ್ತಿಯಲ್ಲಿ ರಸ್ತೆ, ರೈಲು, ಸೇತುವೆಗಳೂ ಸೇರಿವೆ. ತಪ್ಪು ನಿರೀಕ್ಷೆ ಮಾತ್ರ ಬೇಡ. ಬೇರೆಯವರ ಮಾಡೆಲ್ ನೋಡಲು, ಅಳೆಯಲು, ತಾಳೆ ಹಾಕಲು ಐಎಫ್‌ಸಿ ಒಳ್ಳೆಯದು. ಅದನ್ನು ತೆರೆದು ಅವರ ಡಿಸೈನ್ ಅನ್ನೇ ತಿದ್ದುತ್ತೇನೆ ಅಂದರೆ ಕಷ್ಟ. ಪ್ರತಿಯೊಬ್ಬರೂ ತಮ್ಮ ಮಾಡೆಲ್ ತಮ್ಮ ಸಾಫ್ಟ್‌ವೇರ್‌ನಲ್ಲಿ ತಿದ್ದಲಿ. ಹಂಚುವುದು ಐಎಫ್‌ಸಿಯಲ್ಲಿ, ದೂರು ಕಳಿಸುವುದು ಬಿಸಿಎಫ್‌ನಲ್ಲಿ. ಯಾವ ವಸ್ತು, ಯಾವ ಕೋನದಿಂದ ನೋಡಿದ್ದು, ಏನು ತೊಂದರೆ ಅಂತ ಬಿಸಿಎಫ್ ಹೊತ್ತುಕೊಂಡು ಹೋಗುತ್ತದೆ.

ಸಾಫ್ಟ್‌ವೇರ್‌ಗಳು ಒಂದಕ್ಕೊಂದು ಮಾತಾಡದಿರುವುದು ಎಷ್ಟು ದುಬಾರಿ? ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆ ಎನ್ಐಎಸ್‌ಟಿ 2004ರಲ್ಲಿ ಪ್ರಕಟಿಸಿದ ಅಂದಾಜಿನಲ್ಲಿ ಆ ದೇಶದ ದೊಡ್ಡ ಕಟ್ಟಡ ಮತ್ತು ಸ್ಥಾವರಗಳ ಕ್ಷೇತ್ರಕ್ಕೆ ವರ್ಷಕ್ಕೆ 1,580 ಕೋಟಿ ಡಾಲರ್ ನಷ್ಟ. ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕಟ್ಟಡದ ಮಾಲೀಕರು ಮತ್ತು ನಡೆಸುವವರ ಮೇಲೆ ಬಿದ್ದಿತ್ತು. ಮಾಹಿತಿ ಕೇಳುವ ಹಕ್ಕು ಮಾಲೀಕರಿಗೆ ಯಾಕೆ ಜಾಸ್ತಿ ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಹುಡುಕಬೇಕಿಲ್ಲ.

## ಹಣ, ಕರಾರು, ಮುಂದಿನ ಹಂತ

ಬಟನ್ ಒತ್ತಿದ್ರೆ ಕ್ವಾಂಟಿಟಿ ಬರುತ್ತೆ ಅಂತಾರೆ. ನಿಜಾನಾ?

ಬರುತ್ತದೆ. ಅದು ಬಿಲ್‌ಗೆ ಬೇಕಾದ ಕ್ವಾಂಟಿಟಿಯೇ ಅನ್ನುವುದು ಬೇರೆ ಪ್ರಶ್ನೆ. ಬೀಮ್ ಮತ್ತು ಸ್ಲ್ಯಾಬ್ ಸೇರುವ ಕಡೆ ಕಾಂಕ್ರೀಟ್ ಎರಡು ಸಲ ಲೆಕ್ಕಕ್ಕೆ ಬಂದಿರಬಹುದು. ಸೆಂಟ್ರಿಂಗ್ ಹಲಗೆ ಮಾಡೆಲ್‌ನಲ್ಲಿ ಇರುವುದೇ ಇಲ್ಲ. ಕಂಬಿ ಹೆಚ್ಚಾಗಿ ಇರುವುದಿಲ್ಲ. ಅಳತೆಯ ನಿಯಮದಲ್ಲಿ ಚಿಕ್ಕ ತೂತುಗಳನ್ನು ಕಳೆಯಬಾರದು ಅಂತಿದ್ದರೆ ಮಾಡೆಲ್ ಅವನ್ನೂ ಕಳೆದಿರುತ್ತದೆ.

ಪರಿಹಾರ ಎಸ್ಟಿಮೇಟ್ ಮಾಡುವವರನ್ನು ಮೊದಲ ದಿನವೇ ಮೇಜಿಗೆ ಕರೆಯುವುದು. ಬಿಒಕ್ಯೂನ (ಕೆಲಸ ಮತ್ತು ಪ್ರಮಾಣಗಳ ಪಟ್ಟಿ) ಐಟಂ ಸಂಖ್ಯೆ ಪ್ರತಿ ವಸ್ತುವಿನ ಮೇಲೆ ಇರಬೇಕು, ಒಂದೇ ಬಗೆಯ ಗೋಡೆಗೆ ಒಂದೇ ಹೆಸರು ಇರಬೇಕು, ಇಂಥ ನಿಯಮಗಳನ್ನು ಅವರೇ ಹೇಳಲಿ. ಮಾಡೆಲ್ ಮುಗಿದ ಮೇಲೆ ಅವರಿಗೆ ಕೊಟ್ಟರೆ, ಪ್ರಿಂಟ್ ತೆಗೆದು ಸ್ಕೇಲ್ ಇಟ್ಟು ಅಳೆಯುತ್ತಾರೆ. ಅವರ ಮೇಲೆ ತಪ್ಪು ಹೊರಿಸಲಾಗದು.

4ಡಿಗೆ ಬೇರೆ ಮಾಡೆಲ್ ಮಾಡಬೇಕಾ?

4ಡಿ ಅಂದರೆ ಮಾಡೆಲ್‌ಗೆ ಕೆಲಸದ ವೇಳಾಪಟ್ಟಿ ಜೋಡಿಸುವುದು. ಬೇರೆ ಮಾಡೆಲ್ ಬೇಡ, ಆದರೆ ಕಟ್ಟುವ ರೀತಿಯಲ್ಲೇ ಮಾಡೆಲ್ ತುಂಡಾಗಿರಬೇಕು. ಆರ್ಕಿಟೆಕ್ಟ್ ಕಾಲಮ್ ಒಂದನ್ನು ನೆಲದಿಂದ ತಾರಸಿವರೆಗೆ ಒಂದೇ ತುಂಡಾಗಿ ಎಳೆದಿದ್ದರೆ ಅದಕ್ಕೆ ಮಹಡಿವಾರು ತಾರೀಕು ಹಾಕುವುದು ಹೇಗೆ? ಸ್ಲ್ಯಾಬ್ ಅನ್ನು ಕಾಂಕ್ರೀಟ್ ಹಾಕುವ ಭಾಗಗಳಂತೆ ವಿಂಗಡಿಸುವ ಕೆಲಸ ಸೈಟ್ ಎಂಜಿನಿಯರ್ ಮತ್ತು ಪ್ಲಾನಿಂಗ್‌ನವರದ್ದು. ಕಾರ್ಯಯೋಜನೆಯಲ್ಲೇ ಅದನ್ನು ಅವರ ಹೆಸರಿಗೆ ಬರೆಯಿರಿ.

ಕರಾರು ಹಳೇದೇ ಇದೆ. ಮಾಡೆಲ್ ತಪ್ಪಾಗಿದ್ರೆ ಯಾರು ಹೊಣೆ?

ಹಳೆಯ ಕರಾರಿನಲ್ಲಿ ಮಾಡೆಲ್ ಅನ್ನುವ ಮಾತೇ ಇಲ್ಲದಿದ್ದರೆ, ಡ್ರಾಯಿಂಗ್ ಕಾನೂನಿನ ದಾಖಲೆ, ಮಾಡೆಲ್ ಸುಮ್ನೆ ನೋಡಲು ಕೊಟ್ಟದ್ದು ಅಂತ ವಾದ ಬರುತ್ತದೆ. ಕಂಟ್ರಾಕ್ಟರ್ ನಂಬಿ ಕಟ್ಟಿದ್ದು ಮಾಡೆಲ್ ಅನ್ನು. ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಇಡೀ ಕರಾರನ್ನು ಮತ್ತೆ ಬರೆಯಬೇಕಿಲ್ಲ, ಒಂದು ಸೇರ್ಪಡೆ ಪತ್ರ ಸಾಕು. ಅಮೆರಿಕದಲ್ಲಿ ಕನ್ಸೆನ್ಸಸ್‌ಡಾಕ್ಸ್ 301, ಬ್ರಿಟನ್ನಿನಲ್ಲಿ 2013ರ ಸಿಐಸಿ ಬಿಮ್ ಪ್ರೋಟೋಕಾಲ್ ಹೀಗೆ ಬಂದವು. ಅಂಥ ಪತ್ರದಲ್ಲಿ ಇವು ಇರಲಿ: ಮಾಡೆಲ್‌ಗೂ ಡ್ರಾಯಿಂಗ್‌ಗೂ ವ್ಯತ್ಯಾಸ ಬಂದರೆ ಯಾವುದಕ್ಕೆ ಮಾನ್ಯತೆ. ಯಾವ ಹಂತದ ಮಾಡೆಲ್ ಅನ್ನು ಯಾವ ಕೆಲಸಕ್ಕೆ ನಂಬಬಹುದು. ಮಾಡೆಲ್‌ನ ಹಕ್ಕು ಯಾರದ್ದು, ಬಳಸುವ ಅನುಮತಿ ಯಾರಿಗೆ. ಫೈಲ್ ಬದಲಿಸುವಾಗ ಮಾಹಿತಿ ಕಳೆದುಹೋದರೆ ಯಾರ ತಲೆಗೆ. ನಿಮ್ಮ ವಕೀಲರು, ವಿಮೆಯವರು ಇಬ್ಬರಿಗೂ ಸಹಿಗೆ ಮೊದಲೇ ತೋರಿಸಿ.

ಲಾಭ ಆಗ್ತಿದೆಯಾ ಅಂತ ಮ್ಯಾನೇಜ್‌ಮೆಂಟ್ ಕೇಳ್ತಿದೆ. ಹೇಗೆ ತೋರಿಸೋದು?

"ಇಷ್ಟು ಸಾವಿರ ಕ್ಲಾಶ್ ಹಿಡಿದೆವು" ಅಂತ ಮಾತ್ರ ತೋರಿಸಬೇಡಿ. ಒಂದೇ ಪೈಪ್ ಹತ್ತು ಬೀಮ್‌ಗಳಿಗೆ ಬಡಿದರೆ ಹತ್ತು ಕ್ಲಾಶ್, ತೊಂದರೆ ಒಂದೇ. ಕೆಟ್ಟ ಡಿಸೈನ್‌ಗೆ ಕ್ಲಾಶ್ ಜಾಸ್ತಿ ಬರುತ್ತದೆ, ಅದನ್ನು ಸಾಧನೆ ಅಂತ ಬರೆದುಕೊಳ್ಳುವುದು ವಿಚಿತ್ರ.

ಹಳೆಯ ಪ್ರಾಜೆಕ್ಟ್‌ನಲ್ಲಿ ಎಷ್ಟು ಆರ್‌ಎಫ್‌ಐ ಬಂದಿತ್ತು, ಅದರಲ್ಲಿ ಎಷ್ಟಕ್ಕೆ ಡಿಸೈನ್‌ಗಳು ಒಂದಕ್ಕೊಂದು ಹೊಂದದಿರುವುದೇ ಕಾರಣ, ಉತ್ತರ ಬರಲು ಎಷ್ಟು ದಿನ ಹಿಡಿಯಿತು, ಒಡೆದು ಮತ್ತೆ ಕಟ್ಟಿದ ಕೆಲಸಕ್ಕೆ ಎಷ್ಟು ಖರ್ಚಾಯಿತು, ಟೆಂಡರ್ ಕ್ವಾಂಟಿಟಿಗೂ ಕೊನೆಯ ಕ್ವಾಂಟಿಟಿಗೂ ಎಷ್ಟು ಅಂತರ ಅಂತ ತೆಗೆಯಿರಿ. ಹೊಸ ಪ್ರಾಜೆಕ್ಟ್ ಶುರುವಾಗುವ ಮೊದಲೇ ಇದನ್ನು ತೆಗೆದಿಡಿ. ಆಮೇಲೆ ಹುಡುಕಿದರೆ ಸಿಗುವುದಿಲ್ಲ, ಸಿಕ್ಕರೂ ಯಾರೂ ನಂಬುವುದಿಲ್ಲ. ಮೊದಲ ಪ್ರಾಜೆಕ್ಟ್‌ನಲ್ಲಿ ಕಲಿಕೆಯ ಖರ್ಚು ಇರುತ್ತದೆ ಅನ್ನುವುದನ್ನೂ ಮುಂಚೆಯೇ ಹೇಳಿಬಿಡಿ.

ಸರ್ಕಾರಗಳು ಕಡ್ಡಾಯ ಮಾಡಿದ ಕಡೆ ಹೇಗೆ ನಡೀತು?

ಫಿನ್ಲೆಂಡ್‌ನ ಸರ್ಕಾರಿ ಆಸ್ತಿ ಸಂಸ್ಥೆ 2007ರಿಂದ ಐಎಫ್‌ಸಿ ಮಾಡೆಲ್ ಕೇಳತೊಡಗಿತು. ಸಿಂಗಾಪುರ 2013ರಲ್ಲಿ 20,000 ಚದರ ಮೀಟರ್ ಮೀರಿದ ಹೊಸ ಕಟ್ಟಡಗಳ ಆರ್ಕಿಟೆಕ್ಚರ್ ಮಾಡೆಲ್‌ನಿಂದ ಶುರು ಮಾಡಿ, 2015ಕ್ಕೆ 5,000 ಚದರ ಮೀಟರ್‌ಗೆ ಇಳಿಸಿತು. ಬ್ರಿಟನ್ 2011ರಲ್ಲಿ ಘೋಷಿಸಿ 2016ರಿಂದ ಕೇಂದ್ರ ಸರ್ಕಾರದ ಕೆಲಸಗಳಿಗೆ ಕಡ್ಡಾಯ ಮಾಡಿತು. ಮೂರರಲ್ಲೂ ಏನು ಬೇಕು ಅಂತ ಕೇಳುವವರು ಮೊದಲು ಸ್ಪಷ್ಟವಾಗಿ ಬರೆದರು. ಸಿಂಗಾಪುರ ಮತ್ತು ಬ್ರಿಟನ್ ತಯಾರಿಗೆ ವರ್ಷಗಟ್ಟಲೆ ಸಮಯವನ್ನೂ ಕೊಟ್ಟವು.

ಕಟ್ಟಡ ಮುಗೀತು. ಈಗ ಮಾಡೆಲ್ ಯಾರಿಗೆ ಬೇಕು?

ಕಟ್ಟಡ ನಡೆಸುವವರಿಗೆ. ಆದರೆ ಅವರಿಗೆ ಕಂಬಿ, ಜೋಡಣೆಗಳ ವಿವರ ತುಂಬಿದ ಭಾರೀ ಮಾಡೆಲ್ ಬೇಡ. ಯಾವ ಪಂಪ್ ಎಲ್ಲಿದೆ, ಯಾರು ತಯಾರಿಸಿದ್ದು, ಸೀರಿಯಲ್ ನಂಬರ್ ಏನು, ವಾರಂಟಿ ಯಾವಾಗ ಮುಗಿಯುತ್ತದೆ, ಬಿಡಿಭಾಗ ಯಾವುದು ಅನ್ನುವ ಪಟ್ಟಿ ಬೇಕು. ಕೋಬಿ ಅನ್ನುವ ಸ್ವರೂಪ ಇದಕ್ಕೆಂದೇ 2007ರಲ್ಲಿ ಅಮೆರಿಕದ ಸೇನೆಯ ಎಂಜಿನಿಯರ್ ವಿಭಾಗದಲ್ಲಿ ಬಿಲ್ ಈಸ್ಟ್ ನೇತೃತ್ವದಲ್ಲಿ ರೂಪುಗೊಂಡಿತು. ಅದನ್ನು ಮಾಮೂಲಿ ಸ್ಪ್ರೆಡ್‌ಶೀಟ್‌ನಲ್ಲೇ ತೆರೆಯಬಹುದು.

ಸಾಮಾನ್ಯವಾಗಿ ಈ ಮಾಹಿತಿಯನ್ನು ಹ್ಯಾಂಡೋವರ್‌ನ ಕೊನೆಯ ವಾರಗಳಲ್ಲಿ, ಸಬ್‌ಕಂಟ್ರಾಕ್ಟರ್‌ಗಳು ಸೈಟ್ ಬಿಟ್ಟ ಮೇಲೆ ಹುಡುಕಲು ಹೊರಡುತ್ತಾರೆ. ಬದಲಿಸಬೇಕಾದ ಕ್ರಮ ಇದು: ಪಂಪ್ ಅಳವಡಿಸಿದ ದಿನವೇ ಅಳವಡಿಸಿದವರು ಅದರ ಮೇಲಿನ ಫಲಕ ಓದಿ ವಿವರ ತುಂಬಲಿ, ಆ ವಿವರ ಸರಿಯಿದ್ದರೆ ಮಾತ್ರ ಆ ಐಟಂನ ಬಿಲ್ ಪಾಸ್ ಆಗಲಿ. ಕೇಳಿದ ಮಾಹಿತಿ ಐಎಫ್‌ಸಿ ಫೈಲ್‌ನಲ್ಲಿ ಇದೆಯೇ ಅಂತ ಕಂಪ್ಯೂಟರ್‌ನಿಂದಲೇ ಪರೀಕ್ಷಿಸಲು ಬಿಲ್ಡಿಂಗ್‌ಸ್ಮಾರ್ಟ್ 2024ರಲ್ಲಿ ಐಡಿಎಸ್ ಅನ್ನುವ ಮಾನದಂಡ ತಂದಿದೆ. ಖಾಲಿ ಬಿಟ್ಟ ಜಾಗವನ್ನು ಅದು ಹಿಡಿಯುತ್ತದೆ. ತಪ್ಪು ಸೀರಿಯಲ್ ನಂಬರ್ ಬರೆದಿದ್ದರೆ ಹಿಡಿಯುವುದಿಲ್ಲ. ಹಾಗಾಗಿ ಹತ್ತರಲ್ಲಿ ಒಂದನ್ನಾದರೂ ಸ್ಥಳಕ್ಕೆ ಹೋಗಿ ಕಣ್ಣಾರೆ ತಾಳೆ ನೋಡುವ ಕೆಲಸವನ್ನು ಒಬ್ಬರಿಗೆ ಹಚ್ಚಿ.